ಇಮ್ಯಾಕ್ಸ್ ಬಿಟ್ಟು ಏಳದೆ ಗಿಟ್: ಮ್ಯಾಗಿಟ್ ಬಳಸುವ ಬಗೆ

ಟರ್ಮಿನಲ್‌ನಲ್ಲಿ ಗಿಟ್ ಬಳಸುವವರು ದಿನಕ್ಕೆ ಎಷ್ಟೋ ಸಲ ‘ಗಿಟ್ ಸ್ಟೇಟಸ್’ ಹೊಡೆಯುತ್ತಾರೆ. ಅದು ತೋರಿಸಿದ ಫೈಲಿನ ಹೆಸರನ್ನೇ ಮುಂದಿನ ಕಮಾಂಡಿನಲ್ಲಿ ಮತ್ತೊಮ್ಮೆ ಟೈಪ್ ಮಾಡುತ್ತಾರೆ. ಮ್ಯಾಗಿಟ್ ಎಂಬುದು ಇಮ್ಯಾಕ್ಸ್ ಎಡಿಟರಿನ ಒಳಗಿಂದಲೇ ಗಿಟ್ ಬಳಸಲು ಇರುವ ಪ್ಯಾಕೇಜ್. ಅದರಲ್ಲಿ ಆ ಪಟ್ಟಿಯೇ ಕೆಲಸದ ಜಾಗ. ಕರ್ಸರ್ ಯಾವುದರ ಮೇಲಿದೆಯೋ ಅದರ ಮೇಲೆ ಕೀ ಒತ್ತಿದರೆ ಕೆಲಸ ಆಯಿತು. ಟೈಪಿಂಗ್ ಉಳಿಯುವುದು ಸಣ್ಣ ಲಾಭ. ಒಂದು ಫೈಲಿನ ಅರ್ಧ ಬದಲಾವಣೆಯನ್ನು ಈ ಕಮಿಟ್‌ಗೆ, ಉಳಿದರ್ಧವನ್ನು ಮುಂದಿನದಕ್ಕೆ ಎಂದು ಬಿಡಿಸುವುದು, ಮೂರು ಕಮಿಟ್ ಹಿಂದಿನ ತಪ್ಪನ್ನು ಅಲ್ಲೇ ಹೋಗಿ ತಿದ್ದುವುದು, ಇಂಥ ಕೆಲಸಗಳು ಸುಲಭವಾಗುವುದೇ ದೊಡ್ಡ ಲಾಭ. ಅದಕ್ಕೇ ಈ ಬರಹದಲ್ಲಿ ಹೆಚ್ಚಿನ ಜಾಗ ಆ ಎರಡಕ್ಕೆ.

ಗಿಟ್‌ನ ಮೂಲ ಪರಿಚಯ ಇದೆ, ಇಮ್ಯಾಕ್ಸ್‌ನಲ್ಲಿ ಫೈಲ್ ತೆರೆದು ಉಳಿಸಲು ಬರುತ್ತದೆ ಎಂದುಕೊಂಡು ಬರೆದಿದ್ದೇವೆ. ಕೀಗಳ ಹೆಸರನ್ನು ‘ಎಸ್’, ‘ಸಿ ಸಿ’ ಎಂದು ಕೊಟ್ಟಿದೆ. ‘ಸಿ ಸಿ’ ಎಂದರೆ ಸಿ ಒತ್ತಿ ಬಿಟ್ಟು ಮತ್ತೆ ಸಿ. ದೊಡ್ಡಕ್ಷರ ಬೇಕಾದಲ್ಲಿ ‘ಶಿಫ್ಟ್-ಪಿ’ ಎಂದಿದೆ. ಇದನ್ನು ಹಗುರವಾಗಿ ನೋಡಬೇಡಿ, ಮ್ಯಾಗಿಟ್‌ನಲ್ಲಿ ಸಣ್ಣಕ್ಷರಕ್ಕೂ ದೊಡ್ಡಕ್ಷರಕ್ಕೂ ಕೆಲಸವೇ ಬೇರೆ. ಮೆಟಾ ಎಂದರೆ ಹೆಚ್ಚಿನ ಕೀಬೋರ್ಡ್‌ಗಳಲ್ಲಿ ಆಲ್ಟ್.

ಇಮ್ಯಾಕ್ಸ್ ಜೊತೆಗೇ ಬರುವ ವಿಸಿ ಎಂಬ ಸೌಲಭ್ಯವೂ ಇದೆ, ಅದರ ಕೀಗಳೆಲ್ಲ ಕಂಟ್ರೋಲ್-ಎಕ್ಸ್, ವಿ ಇಂದ ಶುರುವಾಗುತ್ತವೆ. ಸಬ್‌ವರ್ಷನ್, ಮರ್ಕ್ಯೂರಿಯಲ್ ಬಳಸುವವರಿಗೆ ಅದೇ ಸರಿ. ಮ್ಯಾಗಿಟ್ ಗಿಟ್‌ಗೆ ಮಾತ್ರ.

ಇನ್‌ಸ್ಟಾಲ್

ಮೆಟಾ-ಎಕ್ಸ್ ಒತ್ತಿ ‘ಪ್ಯಾಕೇಜ್-ರಿಫ್ರೆಶ್-ಕಂಟೆಂಟ್ಸ್’ ಓಡಿಸಿ, ಬಳಿಕ ‘ಪ್ಯಾಕೇಜ್-ಇನ್‌ಸ್ಟಾಲ್’ ಕೊಟ್ಟು ಮ್ಯಾಗಿಟ್ ಹೆಸರು ಹೇಳಿ. ನಾನ್‌ಗ್ನೂ ಎಲ್ಪಾ ಭಂಡಾರದಲ್ಲಿ ಸಿಗುತ್ತದೆ. ತೀರ ಇತ್ತೀಚಿನದು ಬೇಕಿದ್ದರೆ ಮೆಲ್ಪಾ ಸೇರಿಸಿಕೊಳ್ಳಿ.

ಇಲ್ಲೇ ಮೊದಲ ಎಡವಟ್ಟು ಎದುರಾಗುವುದು. ಮ್ಯಾಗಿಟ್‌ನ ಮೆನುಗಳು ಟ್ರಾನ್ಸಿಯೆಂಟ್ ಎಂಬ ಇನ್ನೊಂದು ಪ್ಯಾಕೇಜಿನ ಮೇಲೆ ನಿಂತಿವೆ. ಇಮ್ಯಾಕ್ಸ್ 28ರಿಂದ ಈಚೆಗೆ ಟ್ರಾನ್ಸಿಯೆಂಟ್ ಇಮ್ಯಾಕ್ಸ್ ಒಳಗೇ ಬರುತ್ತದೆ, ಆದರೆ ಹಳೆಯ ಆವೃತ್ತಿ. ಒಳಗೇ ಇರುವ ಪ್ಯಾಕೇಜನ್ನು ಇಮ್ಯಾಕ್ಸ್ ತಾನಾಗಿ ಮೇಲ್ದರ್ಜೆಗೆ ಏರಿಸುವುದಿಲ್ಲ. ಹಾಗಾಗಿ ಹೊಸ ಮ್ಯಾಗಿಟ್, ಹಳೆಯ ಟ್ರಾನ್ಸಿಯೆಂಟ್ ಜೊತೆಯಾಗಿ, ಮೆನು ತೆರೆಯುವಾಗಲೇ ಎರರ್ ಬರುತ್ತದೆ. ಇಮ್ಯಾಕ್ಸ್ 29ರಿಂದ ‘ಪ್ಯಾಕೇಜ್-ಇನ್‌ಸ್ಟಾಲ್-ಅಪ್‌ಗ್ರೇಡ್-ಬಿಲ್ಟ್-ಇನ್’ ಎಂಬ ವೇರಿಯಬಲ್ ಇದೆ. ಅದನ್ನು ಆನ್ ಮಾಡಿ, ಟ್ರಾನ್ಸಿಯೆಂಟನ್ನು ಪ್ರತ್ಯೇಕವಾಗಿ ಇನ್‌ಸ್ಟಾಲ್ ಮಾಡಿ, ಇಮ್ಯಾಕ್ಸ್ ಮುಚ್ಚಿ ತೆರೆಯಿರಿ. ಮುಚ್ಚದೆ ಮುಂದುವರಿದರೆ ಹಳೆಯ ಕೋಡ್ ಮೆಮೊರಿಯಲ್ಲೇ ಉಳಿದು ಅದೇ ಎರರ್ ಮರುಕಳಿಸುತ್ತದೆ.

ಸ್ಟೇಟಸ್ ಬಫರ್

ರೆಪೊದ ಯಾವುದಾದರೂ ಫೈಲ್ ತೆರೆದು ಕಂಟ್ರೋಲ್-ಎಕ್ಸ್, ಜಿ ಒತ್ತಿ. ಬೇರೆ ರೆಪೊ ಬೇಕಿದ್ದರೆ ಮೊದಲು ಕಂಟ್ರೋಲ್-ಯು ಒತ್ತಿ, ಆಮೇಲೆ ಇದನ್ನೇ ಒತ್ತಿ. ಯಾವ ಫೋಲ್ಡರ್ ಎಂದು ಕೇಳುತ್ತದೆ.

ಮೇಲ್ತುದಿಯಲ್ಲಿ ಈಗಿನ ಬ್ರಾಂಚ್ ಮತ್ತು ಅದರ ಕೊನೆಯ ಕಮಿಟ್. ಅದರ ಕೆಳಗೆ, ಹೊಂದಿಸಿದ್ದರೆ, ಮರ್ಜ್ ಅಥವಾ ರೀಬೇಸ್ ಎಂಬ ಸಾಲು ಮತ್ತು ಪುಷ್ ಎಂಬ ಸಾಲು. ಈ ಎರಡು ಸಾಲುಗಳ ವಿಷಯ ಪುಷ್ ಮಾಡುವಲ್ಲಿ ವಿವರವಾಗಿ ಬರುತ್ತದೆ. ಇನ್ನೂ ಕೆಳಗೆ ಗಿಟ್ ಗಮನಿಸದ ಹೊಸ ಫೈಲ್‌ಗಳು, ಸ್ಟೇಜ್ ಆಗದ ಬದಲಾವಣೆಗಳು, ಸ್ಟೇಜ್ ಆದವು, ಸ್ಟ್ಯಾಶ್‌ಗಳು, ಇನ್ನೂ ಪುಷ್ ಆಗದ ಅಥವಾ ಪುಲ್ ಆಗದ ಕಮಿಟ್‌ಗಳು. ಏನೂ ಇಲ್ಲದ ವಿಭಾಗ ಕಾಣುವುದೇ ಇಲ್ಲ, ಹಾಗಾಗಿ ಖಾಲಿ ಸ್ಟೇಟಸ್ ಕಂಡರೆ ಗಾಬರಿ ಬೇಡ.

ಓಡಾಟಕ್ಕೆ ‘ಎನ್’ ಮತ್ತು ‘ಪಿ’. ಟ್ಯಾಬ್ ಒತ್ತಿದರೆ ಕರ್ಸರ್ ಇರುವ ವಿಭಾಗ ಬಿಚ್ಚಿಕೊಳ್ಳುತ್ತದೆ ಇಲ್ಲವೇ ಮಡಚಿಕೊಳ್ಳುತ್ತದೆ. ಫೈಲಿನ ಹೆಸರಿನ ಮೇಲೆ ಟ್ಯಾಬ್ ಒತ್ತಿ ಅದರ ಡಿಫ್ ನೋಡಬಹುದು, ಡಿಫ್‌ನ ಸಾಲಿನ ಮೇಲೆ ಎಂಟರ್ ಒತ್ತಿ ಫೈಲಿನ ಅದೇ ಸಾಲಿಗೆ ಹೋಗಬಹುದು. ಬದಲಾದ ಫೈಲ್‌ಗಳು ತುಂಬ ಇದ್ದರೆ ಮೆಟಾ ಜೊತೆ 2 ಒತ್ತಿ, ಎಲ್ಲವೂ ಒಂದೇ ಸಲ ಮಡಚಿಕೊಂಡು ಫೈಲಿನ ಹೆಸರುಗಳು ಮಾತ್ರ ಉಳಿಯುತ್ತವೆ. ‘ಕ್ಯೂ’ ಒತ್ತಿದರೆ ಬಫರ್ ಮುಚ್ಚುತ್ತದೆ. ಯಾವ ಕೀ ಏನು ಮಾಡುತ್ತದೆಂದು ಮರೆತರೆ ಪ್ರಶ್ನಾರ್ಥಕ ಚಿಹ್ನೆ ಒತ್ತಿ, ಪೂರ್ತಿ ಮೆನು ಬರುತ್ತದೆ. ಕೀಗಳನ್ನು ಬಾಯಿಪಾಠ ಮಾಡಲು ಕೂರಬೇಡಿ, ಮೆನು ನೋಡಿ ನೋಡಿಯೇ ಬೆರಳಿಗೆ ಹತ್ತುತ್ತವೆ.

ಇಲ್ಲಿ ಕಾಣುವುದು ಡಿಸ್ಕ್‌ನಲ್ಲಿರುವ ಸ್ಥಿತಿ. ಬಫರಿನಲ್ಲಿ ತಿದ್ದಿ ಉಳಿಸದ ಬದಲಾವಣೆ ಗಿಟ್‌ಗೆ ಗೊತ್ತಿರುವುದಿಲ್ಲ. ಅದಕ್ಕೇ ಸ್ಟೇಟಸ್ ತೆರೆಯುವಾಗ ಫೈಲ್ ಉಳಿಸಲೇ ಎಂದು ಮ್ಯಾಗಿಟ್ ಕೇಳುತ್ತದೆ. ಬೇಡ ಎಂದರೆ ಅದು ಪಟ್ಟಿಗೆ ಬರುವುದಿಲ್ಲ. ಅದೇ ರೀತಿ, ಟರ್ಮಿನಲ್‌ನಲ್ಲಿ ಏನಾದರೂ ಮಾಡಿ ಹಿಂದಿರುಗಿದರೆ ಸ್ಟೇಟಸ್ ತಾನಾಗಿ ಬದಲಾಗಿರುವುದಿಲ್ಲ. ‘ಜಿ’ ಒತ್ತಿ ಹೊಸದಾಗಿ ಓದಿಸಿ. ಹಳೆಯ ಪಟ್ಟಿ ನೋಡಿಕೊಂಡು ಸ್ಟೇಜ್ ಮಾಡಲು ಹೋಗಿ ‘ಪ್ಯಾಚ್ ಕೂರುತ್ತಿಲ್ಲ’ ಎಂಬರ್ಥದ ಎರರ್ ಬಂದರೂ ಇದೇ ಮದ್ದು.

ಬೇಕಾದಷ್ಟನ್ನೇ ಸ್ಟೇಜ್ ಮಾಡುವುದು

‘ಎಸ್’ ಸ್ಟೇಜ್ ಮಾಡುತ್ತದೆ, ‘ಯು’ ಹಿಂದೆ ತೆಗೆಯುತ್ತದೆ. ಎಷ್ಟು ಎಂಬುದನ್ನು ಕರ್ಸರ್ ನಿಂತ ಜಾಗ ನಿರ್ಧರಿಸುತ್ತದೆ. ವಿಭಾಗದ ತಲೆಬರಹದ ಮೇಲಿದ್ದರೆ ಅದರ ಕೆಳಗಿನದೆಲ್ಲ, ಫೈಲಿನ ಹೆಸರಿನ ಮೇಲಿದ್ದರೆ ಇಡೀ ಫೈಲ್, ಡಿಫ್‌ನ ಒಂದು ಹಂಕ್‌ನಲ್ಲಿದ್ದರೆ (ಅಕ್ಕಪಕ್ಕದ ಬದಲಾವಣೆಗಳ ಒಂದು ತುಂಡು) ಆ ಹಂಕ್ ಮಾತ್ರ. ಹಂಕ್ ಒಳಗೆ ಕೆಲವೇ ಸಾಲು ಬೇಕಿದ್ದರೆ ಕಂಟ್ರೋಲ್-ಸ್ಪೇಸ್ ಒತ್ತಿ ಆ ಸಾಲುಗಳನ್ನು ಆರಿಸಿ, ಬಳಿಕ ‘ಎಸ್’.

ಒಂದು ಫಂಕ್ಷನ್ನಿನಲ್ಲಿ ಎರಡು ಕೆಲಸ ಮಾಡಿದ್ದೀರಿ ಎನ್ನಿ: ಸೊನ್ನೆಯಿಂದ ಭಾಗಿಸುವುದನ್ನು ತಡೆಯುವ ಷರತ್ತು ಸೇರಿಸಿದ್ದೀರಿ, ಪಕ್ಕದಲ್ಲೇ ಬೆಲೆ ಏನು ಬರುತ್ತಿದೆ ಎಂದು ನೋಡಲು ಒಂದು ಪ್ರಿಂಟ್ ಸಾಲು ಹಾಕಿದ್ದೀರಿ. ಎರಡೂ ಒಂದೇ ಹಂಕ್‌ನಲ್ಲಿ ಕೂತಿರುತ್ತವೆ. ನಡುವೆ ಬದಲಾಗದ ಸಾಲುಗಳಿದ್ದರೆ ಮೈನಸ್ ಚಿಹ್ನೆ ಒತ್ತಿ, ಡಿಫ್ ತೋರಿಸುವ ಸುತ್ತಲಿನ ಸಾಲುಗಳು ಕಡಿಮೆಯಾಗುತ್ತವೆ. ಮಾಮೂಲಾಗಿ ಬದಲಾವಣೆಯ ಮೇಲೆ 3, ಕೆಳಗೆ 3 ಸಾಲು ಇರುತ್ತವೆ; ಅದು 1ಕ್ಕೆ ಇಳಿದಾಗ ಹಂಕ್ ತಾನಾಗಿ ಎರಡಾಗಿ ಒಡೆಯುವುದುಂಟು. ಪ್ಲಸ್ ಒತ್ತಿದರೆ ಹೆಚ್ಚುತ್ತದೆ, 0 ಒತ್ತಿದರೆ ಮೊದಲಿನಂತಾಗುತ್ತದೆ. ಒಡೆಯದಿದ್ದರೆ ಸಾಲು ಆರಿಸುವ ದಾರಿ ಇದ್ದೇ ಇದೆ. ಷರತ್ತಿನ ಸಾಲುಗಳನ್ನು ಸ್ಟೇಜ್ ಮಾಡಿ, ಉಳಿದ ಪ್ರಿಂಟ್ ಸಾಲಿನ ಮೇಲೆ ‘ಕೆ’ ಒತ್ತಿ ಎಸೆಯಿರಿ.

ಸಾಲು ಆರಿಸುವಾಗ ಬಹಳ ಜನ ಎಡವುವ ಜಾಗ ಒಂದಿದೆ. ಒಂದು ಸಾಲನ್ನು ತಿದ್ದಿದಾಗ ಡಿಫ್‌ನಲ್ಲಿ ಎರಡು ಸಾಲು ಕಾಣುತ್ತವೆ, ಹಳೆಯದು ಮೈನಸ್ ಜೊತೆ, ಹೊಸದು ಪ್ಲಸ್ ಜೊತೆ. ಹೊಸದನ್ನು ಮಾತ್ರ ಆರಿಸಿ ‘ಎಸ್’ ಒತ್ತಿದರೆ ಹಳೆಯ ಸಾಲು ಅಳಿಯುವುದಿಲ್ಲ. ಕಮಿಟ್‌ನಲ್ಲಿ ಹಳೆಯದೂ ಇರುತ್ತದೆ, ಅದರ ಕೆಳಗೆ ಹೊಸದೂ ಇರುತ್ತದೆ. ನಿಮ್ಮ ಡಿಸ್ಕ್‌ನಲ್ಲಿರುವ ಫೈಲ್ ಸರಿಯಾಗಿಯೇ ಓಡುವುದರಿಂದ ಇದು ಗೊತ್ತೇ ಆಗುವುದಿಲ್ಲ, ಬೇರೆಯವರು ಆ ಕಮಿಟ್ ತೆಗೆದುಕೊಂಡಾಗಲೇ ಮುರಿಯುತ್ತದೆ. ಮೈನಸ್-ಪ್ಲಸ್ ಜೋಡಿಯನ್ನು ಯಾವಾಗಲೂ ಒಟ್ಟಿಗೆ ಆರಿಸಿ.

‘ಕೆ’ ಬಗ್ಗೆ ಎರಡು ಮಾತು. ಅದು ಬದಲಾವಣೆಯನ್ನು ಎಸೆಯುವ ಕೀ. ಒಮ್ಮೆ ಕೇಳಿಯೇ ಎಸೆಯುತ್ತದೆ, ಆದರೆ ಹೌದು ಎಂದು ಒತ್ತುವುದು ಬೆರಳಿಗೆ ರೂಢಿಯಾಗಿಬಿಟ್ಟರೆ ಆ ಪ್ರಶ್ನೆಯಿಂದ ಪ್ರಯೋಜನವಿಲ್ಲ. ಗಿಟ್ ಗಮನಿಸದ ಹೊಸ ಫೈಲಿನ ಮೇಲೆ ‘ಕೆ’ ಒತ್ತಿದರೆ ಆ ಫೈಲೇ ಹೋಗುತ್ತದೆ. ಮಾಮೂಲು ಹೊಂದಿಕೆಯಲ್ಲಿ ಅದು ಕಸದಬುಟ್ಟಿಗೆ ಹೋಗುವುದರಿಂದ ಹಿಂದೆ ತರಬಹುದು. ಕಮಿಟ್ ಆಗದ, ಸ್ಟೇಜೂ ಆಗದ ಸಾಲುಗಳಿಗೆ ಆ ಭಾಗ್ಯವಿಲ್ಲ, ಗಿಟ್ ಅವನ್ನು ನೋಡಿಯೇ ಇರುವುದಿಲ್ಲ. ಭಯವಿದ್ದರೆ ‘ಮ್ಯಾಗಿಟ್-ವಿಪ್-ಮೋಡ್’ ಆನ್ ಮಾಡಿಕೊಳ್ಳಿ. ಫೈಲ್ ಉಳಿಸಿದಾಗಲೂ, ಮ್ಯಾಗಿಟ್ ಏನನ್ನಾದರೂ ಎಸೆಯುವ ಮುನ್ನವೂ ಕೆಲಸದ ಸ್ಥಿತಿಯನ್ನು ಅದು ಬೇರೆ ರೆಫ್‌ನಲ್ಲಿ ಸದ್ದಿಲ್ಲದೆ ಕಟ್ಟಿಡುತ್ತದೆ. ನಿಮ್ಮ ಬ್ರಾಂಚ್‌ನ ಇತಿಹಾಸಕ್ಕೆ ಸೋಂಕುವುದಿಲ್ಲ.

ತುಂಡು ತುಂಡಾಗಿ ಸ್ಟೇಜ್ ಮಾಡುವವರು ಮರೆಯುವ ಇನ್ನೊಂದು ವಿಷಯ: ನೀವು ಟೆಸ್ಟ್ ಮಾಡಿದ್ದು ಡಿಸ್ಕ್‌ನಲ್ಲಿರುವ ಪೂರ್ತಿ ಕೋಡನ್ನು, ಕಮಿಟ್ ಆಗುತ್ತಿರುವುದು ಅದರ ಒಂದು ಭಾಗ. ಆ ಭಾಗವೊಂದೇ ಓಡುತ್ತದೆಯೇ ಎಂದು ನೋಡಬೇಕಾದರೆ ‘ಝಡ್ ಡಬ್ಲ್ಯೂ’ ಒತ್ತಿ. ಸ್ಟೇಜ್ ಆಗದ ಬದಲಾವಣೆಗಳು ಮಾತ್ರ ಸ್ಟ್ಯಾಶ್‌ಗೆ ಹೋಗಿ, ಡಿಸ್ಕ್‌ನಲ್ಲಿ ಸ್ಟೇಜ್ ಆದದ್ದಷ್ಟೇ ಉಳಿಯುತ್ತದೆ. ಟೆಸ್ಟ್ ಓಡಿಸಿ, ಕಮಿಟ್ ಮಾಡಿ, ಆಮೇಲೆ ಸ್ಟ್ಯಾಶ್ ಸಾಲಿನ ಮೇಲೆ ‘ಝಡ್ ಪಿ’ ಒತ್ತಿ ಹಿಂದೆ ತನ್ನಿ. ಕಮಿಟ್‌ಗೆ ಮೊದಲೇ ತರಲು ಹೋದರೆ ಅದೇ ಫೈಲಿನಲ್ಲಿ ಕಮಿಟ್ ಆಗದ ಬದಲಾವಣೆ ಇರುವುದರಿಂದ ಗಿಟ್ ತಕರಾರು ಮಾಡುತ್ತದೆ.

ಬಿಲ್ಡ್ ಮಾಡಿದಾಗ ಹುಟ್ಟುವ ಫೈಲ್‌ಗಳು ಪಟ್ಟಿ ತುಂಬಿಸುತ್ತಿದ್ದರೆ ‘ಐ’ ಒತ್ತಿ. ‘ಟಿ’ ಆರಿಸಿದರೆ ಎಲ್ಲರೊಂದಿಗೆ ಹಂಚಿಕೊಳ್ಳುವ ಇಗ್ನೋರ್ ಫೈಲಿಗೆ, ‘ಪಿ’ ಆರಿಸಿದರೆ ನಿಮ್ಮ ಯಂತ್ರದಲ್ಲಿರುವ ಈ ರೆಪೊಗೆ ಮಾತ್ರ. ಸ್ವಂತ ಟಿಪ್ಪಣಿ ಫೈಲ್‌ಗಳಿಗೆ ಎರಡನೆಯದೇ ಸರಿ.

ಕಮಿಟ್

‘ಸಿ ಸಿ’. ಒಂದು ಕಿಟಕಿಯಲ್ಲಿ ಸಂದೇಶ ಬರೆಯುವ ಬಫರ್, ಪಕ್ಕದಲ್ಲಿ ಸ್ಟೇಜ್ ಆದ ಡಿಫ್ ತೆರೆಯುತ್ತವೆ. ಆ ಡಿಫ್ ಓದಿ. ಮೈನಸ್-ಪ್ಲಸ್ ಎಡವಟ್ಟು ಇಲ್ಲೇ ಕಣ್ಣಿಗೆ ಬೀಳುತ್ತದೆ. ಮೊದಲ ಸಾಲು 68 ಅಕ್ಷರ ದಾಟಿದರೆ ಬಣ್ಣ ಬದಲಾಗಿ ಎಚ್ಚರಿಸುತ್ತದೆ. ಎರಡನೇ ಸಾಲು ಖಾಲಿ ಬಿಟ್ಟು, ಯಾಕೆ ಮಾಡಿದಿರಿ ಎಂಬುದನ್ನು ಮೂರನೆಯದರಿಂದ ಬರೆಯಿರಿ. ಮುಗಿಸಲು ಕಂಟ್ರೋಲ್-ಸಿ ಎರಡು ಸಲ, ಬೇಡವಾದರೆ ಕಂಟ್ರೋಲ್-ಸಿ, ಕಂಟ್ರೋಲ್-ಕೆ. ಬಫರನ್ನು ಸುಮ್ಮನೆ ಕೊಂದು ಹೊರಬರಬೇಡಿ, ಹಿನ್ನೆಲೆಯಲ್ಲಿ ಗಿಟ್ ಉತ್ತರಕ್ಕೆ ಕಾದಿರುತ್ತದೆ. ರದ್ದು ಮಾಡಿದ ಸಂದೇಶ ಕಳೆದುಹೋಗಿರುವುದಿಲ್ಲ; ಮುಂದಿನ ಸಲ ಅದೇ ಬಫರಿನಲ್ಲಿ ಮೆಟಾ-ಪಿ ಒತ್ತಿದರೆ ಬರೆದಿದ್ದೆಲ್ಲ ಮರಳಿ ಬರುತ್ತದೆ. ಹುಕ್ (ಕಮಿಟ್ ಮಾಡುವಾಗ ಗಿಟ್ ತಾನಾಗಿ ಓಡಿಸುವ ಸ್ಕ್ರಿಪ್ಟ್) ಒಂದು ಕಮಿಟ್ ತಡೆದಾಗ ಉದ್ದ ಸಂದೇಶವನ್ನು ಮತ್ತೆ ಬರೆಯುವ ಶ್ರಮ ಇದರಿಂದ ತಪ್ಪುತ್ತದೆ.

ಈಗಷ್ಟೇ ಮಾಡಿದ ಕಮಿಟ್‌ನಲ್ಲಿ ಏನೋ ಬಿಟ್ಟುಹೋಯಿತೇ? ಅದನ್ನು ಸ್ಟೇಜ್ ಮಾಡಿ ‘ಸಿ ಇ’ ಒತ್ತಿ. ಸಂದೇಶ ಹಾಗೇ ಇರುತ್ತದೆ, ಬದಲಾವಣೆ ಕೊನೆಯ ಕಮಿಟ್‌ಗೆ ಸೇರುತ್ತದೆ. ಸಂದೇಶ ಮಾತ್ರ ತಿದ್ದಬೇಕಾದರೆ ‘ಸಿ ಡಬ್ಲ್ಯೂ’. ಎರಡೂ ಬೇಕಾದರೆ ‘ಸಿ ಎ’.

ಹಿಂದಿನ ಕಮಿಟ್ ತಿದ್ದುವುದು

ಮ್ಯಾಗಿಟ್‌ಗಾಗಿಯೇ ಇಮ್ಯಾಕ್ಸ್ ಕಲಿತವರಿದ್ದಾರೆ ಎಂದರೆ ಅದಕ್ಕೆ ಮುಖ್ಯ ಕಾರಣ ಈ ಭಾಗ. ಐದು ಕಮಿಟ್ ಮಾಡಿದ್ದೀರಿ, ಎರಡನೆಯದರಲ್ಲಿ ವೇರಿಯಬಲ್ ಹೆಸರು ತಪ್ಪಿದೆ. ಕೊನೆಗೆ ‘ಹೆಸರು ಸರಿಪಡಿಸಿದೆ’ ಎಂದು ಆರನೇ ಕಮಿಟ್ ಹಾಕುವುದು ಸುಲಭ, ಆದರೆ ವಿಮರ್ಶೆ ಮಾಡುವವರು ತಪ್ಪನ್ನೂ ಓದಬೇಕು, ತಿದ್ದುಪಡಿಯನ್ನೂ ಓದಬೇಕು.

ತಿದ್ದುಪಡಿ ಸ್ಟೇಜ್ ಮಾಡಿ ‘ಸಿ ಶಿಫ್ಟ್-ಎಫ್’ ಒತ್ತಿ. ಕಮಿಟ್‌ಗಳ ಪಟ್ಟಿ ಬರುತ್ತದೆ. ಎರಡನೇ ಕಮಿಟ್ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಸಿ ಎರಡು ಸಲ. ಮ್ಯಾಗಿಟ್ ಒಂದು ಫಿಕ್ಸಪ್ ಕಮಿಟ್ ಮಾಡಿ, ಉಳಿದ ಬದಲಾವಣೆಗಳನ್ನು ಪಕ್ಕಕ್ಕಿಟ್ಟು, ರೀಬೇಸ್ ಓಡಿಸಿ, ಎರಡನೇ ಕಮಿಟ್ ಒಳಗೇ ತಿದ್ದುಪಡಿಯನ್ನು ಕೂರಿಸಿ, ಪಕ್ಕಕ್ಕಿಟ್ಟದ್ದನ್ನು ಮತ್ತೆ ತರುತ್ತದೆ. ಒಂದೆರಡು ಸೆಕೆಂಡಿನ ಕೆಲಸ. ಇದರ ಸಣ್ಣಕ್ಷರದ ರೂಪ ‘ಸಿ ಎಫ್’ ಫಿಕ್ಸಪ್ ಕಮಿಟ್ ಮಾಡಿ ಅಲ್ಲಿಗೇ ನಿಲ್ಲುತ್ತದೆ. ಹಲವು ತಿದ್ದುಪಡಿಗಳನ್ನು ಹೀಗೆ ಕೂಡಿಹಾಕಿ, ಕೊನೆಗೆ ‘ಆರ್ ಎಫ್’ ಒತ್ತಿ ಒಂದೇ ಏಟಿಗೆ ಅವುಗಳ ಜಾಗಕ್ಕೆ ಸೇರಿಸಬಹುದು. ತಿದ್ದುಪಡಿಗಳು ನಾಲ್ಕೈದಿದ್ದರೆ ಈ ದಾರಿಯೇ ಮೇಲು: ಕಾನ್‌ಫ್ಲಿಕ್ಟ್ ಬರುವುದಿದ್ದರೂ ಎಲ್ಲ ಒಮ್ಮೆಗೇ ಬರುತ್ತದೆ.

ಮುಂದಿನ ಕಮಿಟ್‌ಗಳು ಅದೇ ಸಾಲನ್ನು ಮುಟ್ಟಿದ್ದರೆ ರೀಬೇಸ್ ನಡುವೆ ನಿಲ್ಲುತ್ತದೆ. ಆಗ ಸ್ಟೇಟಸ್‌ನ ಮೇಲ್ಭಾಗದಲ್ಲಿ ರೀಬೇಸ್ ಎಷ್ಟು ದೂರ ಬಂದಿದೆ ಎಂಬ ಪಟ್ಟಿ ಕಾಣುತ್ತದೆ. ಬಿಡಿಸಿ, ಸ್ಟೇಜ್ ಮಾಡಿ ‘ಆರ್ ಆರ್’ ಒತ್ತಿದರೆ ಮುಂದುವರಿಯುತ್ತದೆ. ‘ಆರ್ ಎ’ ಒತ್ತಿದರೆ ರೀಬೇಸ್ ರದ್ದಾಗಿ ಅದು ಶುರುವಾಗುವ ಮುಂಚಿನ ಸ್ಥಿತಿ ಮರಳುತ್ತದೆ. ಗೋಜಲಾದರೆ ಹಿಂಜರಿಯದೆ ರದ್ದು ಮಾಡಿ, ಫಿಕ್ಸಪ್ ಕಮಿಟ್ ಕೊನೆಯಲ್ಲಿ ಹಾಗೇ ಉಳಿದಿರುತ್ತದೆ.

ಕಮಿಟ್‌ಗಳ ಕ್ರಮ ಬದಲಿಸಲು, ಕೆಲವನ್ನು ಒಗ್ಗೂಡಿಸಲು ‘ಆರ್ ಐ’. ಎಲ್ಲಿಂದ ಶುರು ಎಂದು ಆರಿಸಿದ ಮೇಲೆ ಪಟ್ಟಿ ತೆರೆಯುತ್ತದೆ. ಮೆಟಾ-ಪಿ, ಮೆಟಾ-ಎನ್ ಸಾಲನ್ನು ಮೇಲೆ ಕೆಳಗೆ ಸರಿಸುತ್ತವೆ. ‘ಎಸ್’ ಹಿಂದಿನದರ ಜೊತೆ ಸೇರಿಸಿ ಸಂದೇಶಗಳನ್ನು ಕೂಡಿಸುತ್ತದೆ, ‘ಎಫ್’ ಸೇರಿಸಿ ಈ ಸಂದೇಶವನ್ನು ಬಿಡುತ್ತದೆ, ‘ಆರ್’ ಸಂದೇಶ ತಿದ್ದಲು, ‘ಕೆ’ ಕಮಿಟ್ಟನ್ನೇ ಕೈಬಿಡಲು. ಇಲ್ಲಿ ಹಳೆಯ ಕಮಿಟ್ ಮೇಲೆ, ಹೊಸದು ಕೆಳಗೆ. ಲಾಗ್‌ನಲ್ಲಿ ಇದಕ್ಕೆ ತಿರುಗುಮುರುಗು, ಗಮನವಿರಲಿ. ‘ಇ’ ಒತ್ತಿದ ಕಮಿಟ್ ಮೇಲೆ ರೀಬೇಸ್ ನಿಂತಾಗ, ತಿದ್ದಿ ಸ್ಟೇಜ್ ಮಾಡಿ ‘ಸಿ ಇ’ ಒತ್ತಬೇಕು. ಅಭ್ಯಾಸಬಲದಿಂದ ‘ಸಿ ಸಿ’ ಒತ್ತಿದರೆ ನಡುವೆ ಹೊಸ ಕಮಿಟ್ ಒಂದು ತೂರಿಕೊಳ್ಳುತ್ತದೆ.

ಪುಷ್ ಆಗಿ ಬೇರೆಯವರು ತೆಗೆದುಕೊಂಡ ಕಮಿಟ್‌ಗಳನ್ನು ಹೀಗೆ ತಿದ್ದಬಾರದು. ಮ್ಯಾಗಿಟ್ ಇದನ್ನು ಸ್ವಲ್ಪ ಕಾಯುತ್ತದೆ: ‘ಮ್ಯಾಗಿಟ್-ಪಬ್ಲಿಶ್ಡ್-ಬ್ರಾಂಚಸ್’ ಪಟ್ಟಿಯಲ್ಲಿರುವ ಬ್ರಾಂಚ್‌ಗೆ ಸೇರಿದ ಕಮಿಟ್ ತಿದ್ದಲು ಹೋದರೆ ಖಚಿತವೇ ಎಂದು ಕೇಳುತ್ತದೆ. ಆದರೆ ಆ ಪಟ್ಟಿಯಲ್ಲಿ ಮೊದಲಿಂದ ಇರುವುದು ಒರಿಜಿನ್‌ನ ಮಾಸ್ಟರ್. ನಿಮ್ಮ ಮುಖ್ಯ ಬ್ರಾಂಚ್ ಮೇನ್ ಆಗಿದ್ದರೆ ಕಾವಲೇ ಇಲ್ಲದಂತಾಗುತ್ತದೆ. ‘ಕಸ್ಟಮೈಸ್-ವೇರಿಯಬಲ್’ ಮೂಲಕ ಒರಿಜಿನ್‌ನ ಮೇನ್ ಅನ್ನೂ ಸೇರಿಸಿ.

ಬ್ರಾಂಚ್

‘ಬಿ ಬಿ’ ಬೇರೆ ಬ್ರಾಂಚ್‌ಗೆ ಹೋಗಲು, ‘ಬಿ ಸಿ’ ಹೊಸದು ಮಾಡಿ ಅಲ್ಲಿಗೇ ಹೋಗಲು, ‘ಬಿ ಕೆ’ ಅಳಿಸಲು. ಇಷ್ಟು ಎಲ್ಲ ಸಾಧನಗಳಲ್ಲೂ ಇದೆ. ಮ್ಯಾಗಿಟ್‌ನ ವಿಶೇಷ ‘ಬಿ ಎಸ್’. ಕೈತಪ್ಪಿ ಮೇನ್ ಮೇಲೆಯೇ ಮೂರು ಕಮಿಟ್ ಮಾಡಿದ್ದರೆ ‘ಬಿ ಎಸ್’ ಒತ್ತಿ ಹೊಸ ಬ್ರಾಂಚ್‌ನ ಹೆಸರು ಕೊಡಿ. ಮೂರೂ ಕಮಿಟ್ ಹೊಸ ಬ್ರಾಂಚ್‌ಗೆ ಬಂದು, ಮೇನ್ ತನ್ನ ಅಪ್‌ಸ್ಟ್ರೀಮ್ ಇರುವಲ್ಲಿಗೆ ಹಿಂದೆ ಸರಿಯುತ್ತದೆ. ಮೇನ್‌ಗೆ ಅಪ್‌ಸ್ಟ್ರೀಮ್ ಗೊತ್ತುಮಾಡಿರಬೇಕು, ಇಲ್ಲದಿದ್ದರೆ ಎಲ್ಲಿಗೆ ಸರಿಯಬೇಕೆಂದು ಅದಕ್ಕೆ ತಿಳಿಯದೆ ಹೊಸ ಬ್ರಾಂಚ್ ಮಾಡಿ ಸುಮ್ಮನಾಗುತ್ತದೆ.

ಪುಷ್, ಪುಲ್

ಹೊಸಬರಿಗೆ ಮ್ಯಾಗಿಟ್ ಒಗಟಾಗಿ ಕಾಣುವುದು ಇಲ್ಲಿ, ಏಕೆಂದರೆ ‘ಶಿಫ್ಟ್-ಪಿ’ ಒತ್ತಿದರೆ ಎರಡು ಗುರಿ ಕಾಣುತ್ತವೆ. ‘ಯು’ ಅಪ್‌ಸ್ಟ್ರೀಮ್‌ಗೆ, ‘ಪಿ’ ಪುಷ್-ರಿಮೋಟ್‌ಗೆ. ಅಪ್‌ಸ್ಟ್ರೀಮ್ ಎಂದರೆ ನಿಮ್ಮ ಕೆಲಸ ಕೊನೆಗೆ ಸೇರಬೇಕಾದ ಬ್ರಾಂಚ್, ಸಾಮಾನ್ಯವಾಗಿ ಒರಿಜಿನ್‌ನ ಮೇನ್. ಪುಷ್-ರಿಮೋಟ್ ಎಂದರೆ ಕೆಲಸ ಮುಗಿಯುವ ತನಕ ನಿಮ್ಮ ಬ್ರಾಂಚ್‌ನ ಪ್ರತಿ ಇರುವ ಜಾಗ, ಅಲ್ಲಿ ಅದೇ ಹೆಸರಿನ ಬ್ರಾಂಚ್ ಇರುತ್ತದೆ. ಹೀಗೆ ಇಟ್ಟುಕೊಂಡರೆ ಸ್ಟೇಟಸ್‌ನಲ್ಲಿ ಎರಡೂ ಅಂತರ ಒಟ್ಟಿಗೆ ಕಾಣುತ್ತವೆ: ಮೇನ್‌ಗಿಂತ ಎಷ್ಟು ಕಮಿಟ್ ಮುಂದಿದ್ದೀರಿ, ಸರ್ವರ್‌ಗೆ ಇನ್ನೂ ಎಷ್ಟು ಕಳಿಸಿಲ್ಲ.

ಹಾಗಾಗಿ ಫೀಚರ್ ಬ್ರಾಂಚ್‌ನಿಂದ ‘ಶಿಫ್ಟ್-ಪಿ’, ‘ಪಿ’. ಮೊದಲ ಸಲ ಯಾವ ರಿಮೋಟ್ ಎಂದು ಕೇಳಿ ನೆನಪಿಟ್ಟುಕೊಳ್ಳುತ್ತದೆ. ‘ಯು’ ಒತ್ತಿದರೆ ಸಿದ್ಧವಾಗದ ಕೆಲಸ ನೇರ ಮೇನ್‌ಗೆ ಹೋಗಿಬಿಡಬಹುದು. ಮೆನುವಿನಲ್ಲಿ ಕೀ ಪಕ್ಕದಲ್ಲೇ ಗುರಿಯ ಹೆಸರು ಬರೆದಿರುತ್ತದೆ, ಒತ್ತುವ ಮುನ್ನ ಓದಿ. ಮೇನ್‌ನ ಹೊಸ ಕೆಲಸ ತರಲು ‘ಎಫ್ ಯು’ ಒತ್ತಿ ಫೆಚ್ ಮಾಡಿ, ‘ಆರ್ ಯು’ ಒತ್ತಿ ಅದರ ಮೇಲೆ ರೀಬೇಸ್ ಮಾಡಿ. ‘ಶಿಫ್ಟ್-ಎಫ್’ ಪುಲ್ ಮೆನು. ಫೆಚ್ ಮಾಡಿ, ಏನು ಬಂದಿದೆ ಎಂದು ಕಣ್ಣಾಡಿಸಿ ಮುಂದುವರಿಯುವುದೇ ಉತ್ತಮ ಅಭ್ಯಾಸ.

ಪುಷ್ ಆಗಿದ್ದ ನಿಮ್ಮದೇ ಬ್ರಾಂಚ್ಚನ್ನು ರೀಬೇಸ್ ಮಾಡಿದ ಮೇಲೆ ಮಾಮೂಲು ಪುಷ್ ತಿರಸ್ಕೃತವಾಗುತ್ತದೆ. ಗಿಟ್ ಆಗ ಪುಲ್ ಮಾಡಿ ಎಂದು ಸುಳಿವು ಕೊಡುತ್ತದೆ, ಅದನ್ನು ಕೇಳಬೇಡಿ. ಪುಲ್ ಮಾಡಿ ಮರ್ಜ್ ಆದರೆ ಹಳೆಯ ಕಮಿಟ್‌ಗಳೂ ತಿದ್ದಿದ ಕಮಿಟ್‌ಗಳೂ ಒಂದೇ ಬ್ರಾಂಚ್‌ನಲ್ಲಿ ಸೇರಿ ಪ್ರತಿಯೊಂದೂ ಎರಡೆರಡು ಸಲ ಕಾಣುತ್ತದೆ. ಪುಷ್ ಮೆನುವಿನಲ್ಲಿ ಮೈನಸ್, ‘ಎಫ್’ ಒತ್ತಿ ಬಳಿಕ ‘ಪಿ’. ಇದು ಷರತ್ತಿನ ಫೋರ್ಸ್ ಪುಷ್: ಸರ್ವರ್‌ನಲ್ಲಿರುವುದು ನೀವು ಕೊನೆಯ ಸಲ ಫೆಚ್ ಮಾಡಿದಾಗ ಕಂಡದ್ದೇ ಆಗಿದ್ದರೆ ಮಾತ್ರ ಬರೆಯುತ್ತದೆ. ಮೈನಸ್, ‘ಶಿಫ್ಟ್-ಎಫ್’ ಮಾತ್ರ ಯಾವ ಷರತ್ತೂ ಇಲ್ಲದ್ದು. ಬಳಸುವ ಪ್ರಸಂಗ ಬಹಳ ಅಪರೂಪ. ಷರತ್ತಿನದಕ್ಕೂ ಒಂದು ತೂತಿದೆ. ಈಗಷ್ಟೇ ಫೆಚ್ ಮಾಡಿ, ಬಂದ ಕಮಿಟ್‌ಗಳನ್ನು ನೋಡದೆ ಪುಷ್ ಮಾಡಿದರೆ ಷರತ್ತು ಪೂರೈಸಿದಂತೆಯೇ ಲೆಕ್ಕ, ಜೊತೆಯವರ ಕಮಿಟ್ ಅಳಿಸಿಹೋಗುತ್ತದೆ. ಫೋರ್ಸ್ ಮಾಡುವ ಮುನ್ನ ಸ್ಟೇಟಸ್‌ನ ‘ಪುಲ್ ಆಗದವು’ ವಿಭಾಗದಲ್ಲಿ ನಿಮ್ಮದಲ್ಲದ ಕಮಿಟ್ ಇದೆಯೇ ನೋಡಿ.

ಮೆನುವಿನ ಆಯ್ಕೆಗಳನ್ನು ಪ್ರತಿ ಸಲ ಹಾಕುವುದು ಬೇಸರವಾದರೆ, ಆಯ್ಕೆ ಹಾಕಿ ಕಂಟ್ರೋಲ್-ಎಕ್ಸ್, ಕಂಟ್ರೋಲ್-ಎಸ್ ಒತ್ತಿದರೆ ಶಾಶ್ವತವಾಗಿ ಉಳಿಯುತ್ತದೆ. ಲಾಗ್, ಡಿಫ್ ಮೆನುಗಳಿಗೆ ಇದು ಒಳ್ಳೆಯದು. ಪುಷ್ ಮೆನುವಿನಲ್ಲಿ ಫೋರ್ಸ್ ಆಯ್ಕೆಯನ್ನು ಮಾತ್ರ ಹೀಗೆ ಉಳಿಸಬೇಡಿ.

ಕಾನ್‌ಫ್ಲಿಕ್ಟ್

ಕಾನ್‌ಫ್ಲಿಕ್ಟ್ ಆದ ಫೈಲಿನ ಮೇಲೆ ಎಂಟರ್ ಒತ್ತಿ ಫೈಲ್ ತೆರೆಯಿರಿ. ಸಣ್ಣಪುಟ್ಟದ್ದಕ್ಕೆ ಇಮ್ಯಾಕ್ಸ್‌ನ ಎಸ್‌ಮರ್ಜ್ ಸಾಕು, ಅದು ತಾನಾಗಿ ಶುರುವಾಗುತ್ತದೆ. ಅದರ ಕೀಗಳೆಲ್ಲ ಕಂಟ್ರೋಲ್-ಸಿ ಮತ್ತು ಟೋಪಿ ಚಿಹ್ನೆಯ (^) ನಂತರ: ‘ಎನ್’ ಮುಂದಿನ ಜಾಗಕ್ಕೆ, ‘ಯು’ ಮೇಲಿನದನ್ನು ಉಳಿಸಲು, ‘ಎಲ್’ ಕೆಳಗಿನದನ್ನು ಉಳಿಸಲು, ‘ಎ’ ಎಲ್ಲವನ್ನೂ ಉಳಿಸಲು. ಉಳಿಸಿದ್ದು ತಪ್ಪಾದರೆ ಇಮ್ಯಾಕ್ಸ್‌ನ ಅನ್‌ಡೂ ಇದ್ದೇ ಇದೆ.

ಮೇಲಿನದು ಯಾರದು, ಕೆಳಗಿನದು ಯಾರದು? ಮರ್ಜ್ ಮಾಡುವಾಗ ಮೇಲಿನದು ನಿಮ್ಮ ಬ್ರಾಂಚ್, ಕೆಳಗಿನದು ಒಳಬರುತ್ತಿರುವುದು. ರೀಬೇಸ್‌ನಲ್ಲಿ ಅದಲುಬದಲು. ಗಿಟ್ ಮೊದಲು ಮೇನ್ ಮೇಲೆ ನಿಂತು, ನಿಮ್ಮ ಕಮಿಟ್‌ಗಳನ್ನು ಒಂದೊಂದಾಗಿ ಅದರ ಮೇಲೆ ಹಾಕುತ್ತಿರುತ್ತದೆ. ಹಾಗಾಗಿ ಮೇಲಿನದು ಮೇನ್, ಕೆಳಗಿನದು ನಿಮ್ಮ ಕೆಲಸ. ಇದು ತಿಳಿಯದೆ ‘ನನ್ನದೇ ಇರಲಿ’ ಎಂದು ಮೇಲಿನದನ್ನು ಉಳಿಸಿ ತಮ್ಮ ಕೆಲಸವನ್ನೇ ಅಳಿಸಿಕೊಂಡವರು ಬಹಳ. ಎರಡೂ ಕಡೆಯವರು ಬದಲಿಸುವ ಮುಂಚೆ ಮೂಲದಲ್ಲಿ ಏನಿತ್ತು ಎಂಬುದು ಕಂಡರೆ ನಿರ್ಧಾರ ಎಷ್ಟೋ ಸಲೀಸು. ಗಿಟ್‌ನ ಮರ್ಜ್ ಕಾನ್‌ಫ್ಲಿಕ್ಟ್-ಸ್ಟೈಲ್ ಹೊಂದಿಕೆಗೆ ‘ಝಡ್‌ಡಿಫ್3’ ಕೊಟ್ಟರೆ ನಡುವೆ ಮೂಲವೂ ಕಾಣುತ್ತದೆ; ಇದು ಗಿಟ್ 2.35ರಿಂದ ಇದೆ, ಹಳೆಯದರಲ್ಲಿ ‘ಡಿಫ್3’.

ಗೋಜಲು ದೊಡ್ಡದಿದ್ದರೆ ಸ್ಟೇಟಸ್‌ನಲ್ಲಿ ಫೈಲಿನ ಮೇಲೆ ‘ಇ’ ಒತ್ತಿ, ಇಡಿಫ್ ತೆರೆದು ಎರಡು ಕಡೆಯದನ್ನೂ ಫಲಿತಾಂಶವನ್ನೂ ಬೇರೆ ಬೇರೆ ಕಿಟಕಿಯಲ್ಲಿ ತೋರಿಸುತ್ತದೆ. ‘ಎ’, ‘ಬಿ’ ಒತ್ತಿ ಆಯ್ಕೆ, ‘ಕ್ಯೂ’ ಒತ್ತಿ ಮುಗಿಸುವುದು. ಕೀ ಒತ್ತಿದರೂ ಏನೂ ಆಗದಿದ್ದರೆ ಕರ್ಸರ್ ಇಡಿಫ್‌ನ ಪುಟ್ಟ ನಿಯಂತ್ರಣ ಕಿಟಕಿಯಲ್ಲಿಲ್ಲ ಎಂದರ್ಥ. ಆ ಕಿಟಕಿ ಬೇರೆ ಫ್ರೇಮಿನಲ್ಲಿ ತೆರೆದು ಕಿರಿಕಿರಿಯಾದರೆ ‘ಇಡಿಫ್-ವಿಂಡೋ-ಸೆಟಪ್-ಫಂಕ್ಷನ್’ ಬೆಲೆಯನ್ನು ‘ಪ್ಲೇನ್’ ರೂಪಕ್ಕೆ ಬದಲಿಸಿ.

ಬಿಡಿಸಿದ ಫೈಲ್ ಸ್ಟೇಜ್ ಮಾಡುವ ಮುನ್ನ, ಏಳೇಳು ಸಲ ಸಾಲಾಗಿ ಬರುವ ಆ ಕೋನಚಿಹ್ನೆಗಳು ಎಲ್ಲಾದರೂ ಉಳಿದಿವೆಯೇ ಹುಡುಕಿ.

ಇತಿಹಾಸ ಕೆದಕುವುದು

‘ಎಲ್ ಎಲ್’ ಈಗಿನ ಬ್ರಾಂಚ್‌ನ ಲಾಗ್. ಮೊದಲಿಗೆ 256 ಕಮಿಟ್ ತೋರಿಸುತ್ತದೆ, ಪ್ಲಸ್ ಒತ್ತಿದರೆ ಆ ಮಿತಿ ಎರಡರಷ್ಟಾಗುತ್ತದೆ. ಲಾಗ್ ಮೆನುವಿನಲ್ಲಿ ಮೈನಸ್, ‘ಶಿಫ್ಟ್-ಜಿ’ ಒತ್ತಿ ಒಂದು ಪದ ಕೊಟ್ಟರೆ ಆ ಪದವಿರುವ ಸಾಲನ್ನು ಸೇರಿಸಿದ ಅಥವಾ ತೆಗೆದ ಕಮಿಟ್‌ಗಳು ಮಾತ್ರ ಬರುತ್ತವೆ. ಫಂಕ್ಷನ್ ಯಾವಾಗ ಮಾಯವಾಯಿತು ಎಂದು ಹುಡುಕಲು ಇದಕ್ಕಿಂತ ಚುರುಕಾದ ದಾರಿ ಇಲ್ಲ.

ಫೈಲ್ ತೆರೆದಿರುವಾಗ ಕಂಟ್ರೋಲ್-ಸಿ, ಮೆಟಾ-ಜಿ ಒತ್ತಿದರೆ ಆ ಫೈಲಿನ ಮೆನು. ‘ಬಿ’ ಬ್ಲೇಮ್: ಪ್ರತಿ ಸಾಲು ಯಾವ ಕಮಿಟ್‌ನದು ಎಂದು ಫೈಲಿನೊಳಗೇ ತೋರಿಸುತ್ತದೆ. ಅಲ್ಲಿ ಬಂದದ್ದು ಕೋಡನ್ನು ಅಂದಗೊಳಿಸಿದ ಕಮಿಟ್ ಎಂದಾದರೆ ಮತ್ತೆ ‘ಬಿ’ ಒತ್ತಿ, ಅದಕ್ಕೂ ಹಿಂದಿನ ಸ್ಥಿತಿಯ ಬ್ಲೇಮ್ ತೆರೆಯುತ್ತದೆ. ನಿಜವಾದ ಕಾರಣ ಸಿಗುವವರೆಗೆ ಹೀಗೇ ಹಿಂದೆ ಹೋಗಬಹುದು. ಕೆಲವು ಸಾಲು ಆರಿಸಿಕೊಂಡು ಅದೇ ಮೆನುವಿನಲ್ಲಿ ‘ಎಲ್’ ಒತ್ತಿದರೆ ಆ ಸಾಲುಗಳ ಇತಿಹಾಸ ಮಾತ್ರ ಸಿಗುತ್ತದೆ.

ರೀಬೇಸ್ ಕೈಕೊಟ್ಟು ಕಮಿಟ್‌ಗಳೇ ಕಾಣೆಯಾದಂತೆ ಅನ್ನಿಸಿದರೆ ‘ಎಲ್ ಶಿಫ್ಟ್-ಎಚ್’. ಇದು ರೆಫ್‌ಲಾಗ್, ನೀವು ನಿಂತಿದ್ದ ಪ್ರತಿ ಕಮಿಟ್‌ನ ಸರಣಿ. ಕೆಡುವ ಮುಂಚಿನ ಸಾಲಿನ ಮೇಲೆ ಕರ್ಸರ್ ಇಟ್ಟು ‘ಬಿ ಸಿ’ ಒತ್ತಿ, ಅಲ್ಲಿಂದ ಹೊಸ ಬ್ರಾಂಚ್ ಹುಟ್ಟುತ್ತದೆ. ಯಾವ ಬ್ರಾಂಚ್‌ಗೂ ಸೇರದ ಕಮಿಟ್‌ಗಳ ದಾಖಲೆಯನ್ನು ಗಿಟ್ ಮಾಮೂಲಾಗಿ 30 ದಿನ ಇಟ್ಟಿರುತ್ತದೆ, ಸೇರಿರುವವುಗಳದ್ದು 90 ದಿನ.

ಸಿಕ್ಕಿಕೊಂಡಾಗ

ಮ್ಯಾಗಿಟ್ ಏನೇ ಮಾಡಿದರೂ ಒಳಗೆ ಓಡುವುದು ಗಿಟ್ಟೇ. ಡಾಲರ್ ಚಿಹ್ನೆ ಒತ್ತಿದರೆ ಓಡಿಸಿದ ಕಮಾಂಡ್‌ಗಳೂ ಅವುಗಳ ಉತ್ತರವೂ ಕಾಣುತ್ತವೆ. ಸ್ಟೇಟಸ್‌ನ ಮೇಲ್ಭಾಗದಲ್ಲಿ ಗಿಟ್ ಎರರ್ ಎಂದು ಕೆಂಪಾಗಿ ಬಂದರೆ ಮೊದಲು ಹೋಗಬೇಕಾದದ್ದು ಅಲ್ಲಿಗೆ. ಹುಕ್ ಏಕೆ ತಡೆಯಿತು ಎಂಬುದು ಪೂರ್ತಿ ಅಲ್ಲೇ ಇರುತ್ತದೆ. ಮುಗಿಯದೆ ನಿಂತ ಕಮಾಂಡ್ ಮೇಲೆ ‘ಕೆ’ ಒತ್ತಿ ಅದನ್ನು ಕೊಲ್ಲಬಹುದು.

ಟರ್ಮಿನಲ್‌ನಲ್ಲಿ ಸರಿಯಾಗಿ ಓಡುವ ಹುಕ್ ಇಮ್ಯಾಕ್ಸ್‌ನಿಂದ ಮಾತ್ರ ‘ಕಮಾಂಡ್ ಸಿಗುತ್ತಿಲ್ಲ’ ಎಂದರೆ ಕಾರಣ ಬಹುಪಾಲು ಒಂದೇ. ಐಕಾನ್ ಒತ್ತಿ ತೆರೆದ ಇಮ್ಯಾಕ್ಸ್‌ಗೆ, ಅದರಲ್ಲೂ ಮ್ಯಾಕ್‌ನಲ್ಲಿ, ನಿಮ್ಮ ಶೆಲ್‌ನ ಪಾತ್ ಬಂದಿರುವುದಿಲ್ಲ. ‘ಎಕ್ಸೆಕ್-ಪಾತ್-ಫ್ರಮ್-ಶೆಲ್’ ಪ್ಯಾಕೇಜ್ ಇದಕ್ಕಾಗಿಯೇ ಇದೆ. ಪುಷ್ ಮಾಡುವಾಗ ಎಸ್‌ಎಸ್‌ಎಚ್ ಕೀಯ ಪಾಸ್‌ಫ್ರೇಸನ್ನು ಮ್ಯಾಗಿಟ್ ಮಿನಿಬಫರ್‌ನಲ್ಲಿ ಕೇಳುತ್ತದೆ. ಪ್ರತಿ ಸಲ ಕೊಡುವುದು ಬೇಡವೆಂದರೆ ಎಸ್‌ಎಸ್‌ಎಚ್ ಏಜೆಂಟ್‌ಗೆ ಒಮ್ಮೆ ಸೇರಿಸಿಡಿ.

ದೊಡ್ಡ ರೆಪೊದಲ್ಲಿ ಸ್ಟೇಟಸ್ ತೆರೆಯಲು ತಡವಾಗುವುದು ಹಳೆಯ ದೂರು. ಒಂದು ಸ್ಟೇಟಸ್‌ಗಾಗಿ ಮ್ಯಾಗಿಟ್ ಹಲವು ಸಲ ಗಿಟ್ಟನ್ನು ಕರೆಯುತ್ತದೆ, ವಿಂಡೋಸ್‌ನಲ್ಲಿ ಹೊಸ ಪ್ರೋಸೆಸ್ ಹುಟ್ಟಿಸುವುದೇ ನಿಧಾನವಾದ್ದರಿಂದ ಅಲ್ಲಿ ಇದು ಎದ್ದು ಕಾಣುತ್ತದೆ. ಮೊದಲು ‘ಮ್ಯಾಗಿಟ್-ರಿಫ್ರೆಶ್-ವರ್ಬೋಸ್’ ಆನ್ ಮಾಡಿ ‘ಜಿ’ ಒತ್ತಿ, ಯಾವ ವಿಭಾಗಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂಬ ಲೆಕ್ಕ ಮೆಸೇಜಸ್ ಬಫರಿನಲ್ಲಿ ಬರುತ್ತದೆ. ಟ್ಯಾಗ್‌ಗಳು ಸಾವಿರಗಟ್ಟಲೆ ಇರುವ ರೆಪೊದಲ್ಲಿ ಟ್ಯಾಗ್ ತೋರಿಸುವ ಸಾಲೇ ಹೊತ್ತು ತಿನ್ನುವುದುಂಟು. ‘ಮ್ಯಾಗಿಟ್-ಸ್ಟೇಟಸ್-ಹೆಡರ್ಸ್-ಹುಕ್’ ಇಂದ ಅದನ್ನು ತೆಗೆಯಬಹುದು. ವಿಂಡೋಸ್, ಮ್ಯಾಕ್ ಎರಡರಲ್ಲೂ ಗಿಟ್ 2.37ರಿಂದ ಒಳಗೇ ಬರುವ ಎಫ್‌ಎಸ್‌ಮಾನಿಟರ್ ಆನ್ ಮಾಡಿದರೆ ಬದಲಾದ ಫೈಲ್ ಹುಡುಕಲು ಗಿಟ್ ಇಡೀ ಫೋಲ್ಡರ್ ಜಾಲಾಡುವುದು ತಪ್ಪುತ್ತದೆ. ಲಾಗ್ ನಿಧಾನವಾದರೆ ಅದರ ಮೆನುವಿನಲ್ಲಿ ಗ್ರಾಫ್ ಆಯ್ಕೆಯನ್ನು ತೆಗೆದು, ಕಂಟ್ರೋಲ್-ಎಕ್ಸ್, ಕಂಟ್ರೋಲ್-ಎಸ್ ಒತ್ತಿ ಉಳಿಸಿಬಿಡಿ.